ಅಪ್‌ಡೇಟ್: ಟ್ಯೂನಾದ ಆರು ದಳದ ಬೀಜಾಣು ಹೊಸ ಪ್ರಭೇದವಲ್ಲ

ಯೆಲ್ಲೋಫಿನ್ ಟ್ಯೂನಾ ಮೀನಿನ ಸ್ನಾಯುವಿನಲ್ಲಿ ಕಂಡ, ಮೇಲಿನಿಂದ ನೋಡಿದರೆ ಆರು ದಳದ ಹೂವಿನಂತಿದ್ದ, ಕುಡೋವಾ ಎಂಬ ಸೂಕ್ಷ್ಮ ಪರಾವಲಂಬಿಯ ಬೀಜಾಣು ಹೊಸ ಪ್ರಭೇದದ್ದಾಗಿರಬಹುದೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಅದು ಈಗಾಗಲೇ ತಿಳಿದಿರುವ ಕುಡೋವಾ ನಿಯೋತುನ್ನಿ ಪ್ರಭೇದವೇ ಎಂಬುದು ಈಗ ಖಚಿತವಾಗಿದೆ.

ದಳಗಳ ಎಣಿಕೆಯನ್ನೇ ನೆಚ್ಚಿಕೊಂಡದ್ದು ನನ್ನ ತಪ್ಪು. ಈ ಕುಲದ ಬಹುಪಾಲು ಪ್ರಭೇದಗಳಲ್ಲಿ ಪ್ರತಿ ದಳದಲ್ಲಿ ಒಂದರಂತಿರುವ, ಸುರುಳಿ ಎಳೆಯ ಪುಟ್ಟ ಚೀಲಗಳಾದ ಪೋಲಾರ್ ಕ್ಯಾಪ್ಸೂಲ್‌ಗಳು ನಾಲ್ಕೇ ಇರುವುದರಿಂದ, ಆರನ್ನು ಕಂಡೊಡನೆ ಹಿಗ್ಗಿಬಿಟ್ಟಿದ್ದೆ. ಆದರೆ ಜಪಾನಿನ ಸಂಶೋಧಕರು 2014ರಲ್ಲಿ ಪೆಸಿಫಿಕ್ ಬ್ಲೂಫಿನ್ ಟ್ಯೂನಾದಿಂದ ವಿವರಿಸಿದ ಕುಡೋವಾ ಹೆಕ್ಸಾಪಂಕ್ಟಾಟಾಕ್ಕೂ ನಿಯೋತುನ್ನಿಯಂತೆ ಆರೇ ಇವೆ. ಅದನ್ನು ನಿಯೋತುನ್ನಿಯಿಂದ ಬೇರ್ಪಡಿಸಲು ಬೀಜಾಣುವಿನ ಆಕಾರದ ಸೂಕ್ಷ್ಮ ವ್ಯತ್ಯಾಸವೂ ರೈಬೋಸೋಮಲ್ ಡಿಎನ್‌ಎ ಅನುಕ್ರಮವೂ ಬೇಕಾದವು. ಆಗ ಉತ್ತರಿಸಿದವರು ಸೂಚಿಸಿದಂತೆ, ಆ ಡಿಎನ್‌ಎಯ 18ಎಸ್ ಎಂಬ ಭಾಗದ ಜೊತೆಗೆ 28ಎಸ್ ಭಾಗವನ್ನೂ ಹೋಲಿಸಿದ ಮೇಲೆಯೇ ನನ್ನ ಸಂಶಯ ಬಗೆಹರಿಯಿತು.

ನಿಜ ಹೇಳಬೇಕೆಂದರೆ ಮೊದಲ ಸುಳಿವು ಕೊಟ್ಟಿದ್ದು ಮಾಂಸವೇ. ಮಂಜುಗಡ್ಡೆಯಲ್ಲಿಟ್ಟ ತುಂಡು ಮರುದಿನ ಬೆರಳಿಟ್ಟಲ್ಲೆಲ್ಲ ಕುಸಿಯುವಷ್ಟು ಲೋಳೆಯಾಗಿತ್ತು. ಮೀನು ಸತ್ತ ಮೇಲೆ ಸ್ನಾಯು ಕರಗುವುದು ನಿಯೋತುನ್ನಿ ಸೋಂಕಿನ ಲಕ್ಷಣವೆಂದು ತಿಳಿಯದೆ, ಹಳಸಿದೆಯೆಂದು ಎಸೆಯಹೊರಟಿದ್ದೆ. ಫಾರ್ಮಲಿನ್‌ನಲ್ಲಿಟ್ಟ ಮೊದಲ ಮಾದರಿಯಿಂದ ಡಿಎನ್‌ಎ ಸರಿಯಾಗಿ ಬರಲಿಲ್ಲ. ಉಳಿದ ತುಂಡನ್ನು ಎಥನಾಲ್‌ನಲ್ಲಿ ಇಟ್ಟಿದ್ದೇನೆ.