ಡಿಸ್‌ರೆಲಿಶ್ ಅಂದ್ರೆ ಏನು, ಎಲ್ಲಿಂದ ಬಂತು?

ಪ್ರಶ್ನೆ:
ಎಂ.ಎ.ಗೆ ಶೇಕ್ಸ್‌ಪಿಯರ್‌ನ ಒಥೆಲೋ ನಾಟಕ ಓದುತ್ತಿದ್ದೇನೆ. ಎರಡನೇ ಅಂಕದಲ್ಲಿ ಖಳನಾಯಕ ಇಯಾಗೋ ರೊಡೆರಿಗೋನ ಕಿವಿ ಊದುತ್ತಾನೆ: ಡೆಸ್ಡಿಮೋನಾಗೆ ಗಂಡ ಒಥೆಲೋನ ಮೇಲೆ ‘ಡಿಸ್‌ರೆಲಿಶ್’ ಶುರುವಾಗುತ್ತದೆ ಅಂತ. ಸುಮ್ನೆ ‘ಇಷ್ಟವಿಲ್ಲ’ ಅಂದುಕೊಂಡರೆ ಸಾಕಾ? ನನಗೆ ಗೊತ್ತಿರುವ ರೆಲಿಶ್ ಬರ್ಗರ್ ಒಳಗಿನ ಹುಳಿ-ಸಿಹಿ ಚಟ್ನಿ ಮಾತ್ರ.

ಉತ್ತರ 1:
ಸಾಲದು. ರೆಲಿಶ್‌ನ ಬೇರು ಹಳೆಯ ಫ್ರೆಂಚ್‌ನ ‘ರೆಲೆಸ್’, ಅಂದರೆ ಹಿಂದೆ ಉಳಿದದ್ದು. ಇಂಗ್ಲಿಷಿಗೆ ಬಂದಾಗ ಅದು ರುಚಿ ಆಯ್ತು, ಅದರಲ್ಲೂ ನುಂಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿ. ಚಟ್ನಿಯ ಅರ್ಥ ಎಷ್ಟೋ ಆಮೇಲೆ ಸೇರಿದ್ದು. ಮುಂದೆ ‘ಡಿಸ್’ ಅಂಟಿದರೆ ಬಾಯಿಗೆ ಹಿಡಿಸದಿರುವುದು. ಆ ಸಾಲು ಮತ್ತೊಮ್ಮೆ ನೋಡಿ: ಮೊದಲು ಗಂಟಲಿಗೆ ಓಕರಿಕೆ, ಆಮೇಲೆ ಡಿಸ್‌ರೆಲಿಶ್, ಕೊನೆಗೆ ಅಸಹ್ಯ. ಪಾಪ, ಇಯಾಗೋ ಒಥೆಲೋನನ್ನು ಹಳಸಿದ ಊಟ ಮಾಡಿಬಿಟ್ಟಿದ್ದಾನೆ!

ಉತ್ತರ 2:
ಡಿಸ್‌ಗಸ್ಟ್ ಕೂಡ ಅದೇ ದಾರಿಯದು ಅಲ್ವಾ? ಲ್ಯಾಟಿನ್‌ನ ‘ಗುಸ್ಟುಸ್’ ಅಂದರೆ ರುಚಿ. ಆದರೆ ಆಗ ಅದಕ್ಕೆ ಈಗಿನಷ್ಟು ಖಾರ ಇರಬೇಕಿರಲಿಲ್ಲ. 1813ರ ಪ್ರೈಡ್ ಅಂಡ್ ಪ್ರೆಜುಡಿಸ್ ಕಾದಂಬರಿಯಲ್ಲಿ ನಾಯಕ ಡಾರ್ಸಿಯ ನಡತೆ ಜನರಿಗೆ ‘ಡಿಸ್‌ಗಸ್ಟ್’ ತರುತ್ತದೆ. ಯಾರಿಗೂ ವಾಂತಿ ಬಂದಿಲ್ಲ, ‘ಎಷ್ಟು ಜಂಬ ಇವನಿಗೆ’ ಅನ್ನಿಸಿದೆ ಅಷ್ಟೇ.

ಪ್ರಶ್ನೆ ಕೇಳಿದವರು:
ಡಿಸ್‌ರೆಲಿಶ್ ಈಗ ಯಾರಾದರೂ ಬಳಸುತ್ತಾರಾ?

ಉತ್ತರ 1:
ನಿಘಂಟಿನಲ್ಲಿದೆ, ಮಾತಿನಲ್ಲಿ ಬಲು ಅಪರೂಪ. ‘ಡಿಸ್‌ಟೇಸ್ಟ್’ ಜಾಸ್ತಿ ಓಡುತ್ತದೆ. ಪರೀಕ್ಷೆಯಲ್ಲಿ ಧಾರಾಳವಾಗಿ ಬರೆಯಿರಿ, ಆಫೀಸ್ ಮೇಲ್‌ನಲ್ಲಿ ಮಾತ್ರ ಬೇಡ.