ಮೆಲ್ಬರ್ನ್‌ನಲ್ಲಿ ಬಲಕ್ಕೆ ತಿರುಗಲು ಎಡಕ್ಕೆ ಯಾಕೆ ಹೋಗಬೇಕು?

ದಾರಿಹೋಕ: ಮೆಲ್ಬರ್ನ್ ನಗರದ ನಡುಭಾಗದಲ್ಲಿ ಕೆಲವು ಸಿಗ್ನಲ್‌ಗಳಲ್ಲಿ ಬಲಕ್ಕೆ ತಿರುಗುವ ಕಾರು ಎಡ ಲೇನಿನಿಂದಲೇ ತಿರುಗಬೇಕಂತೆ. ಈ 'ಹುಕ್ ಟರ್ನ್' ಮಾಡೋದು ಹೇಗೆ? ಇಂಥ ನಿಯಮ ಯಾಕೆ ಬಂತು?

ಹಳಿಮನೆ: ಕಾರಣ ಟ್ರಾಮ್. ಹಳಿ ಇರೋದು ರಸ್ತೆಯ ನಡುವೆ. ಬಲಕ್ಕೆ ಹೋಗುವ ಕಾರು ಅಲ್ಲೇ ಕಾಯುತ್ತಾ ನಿಂತರೆ ಹಿಂದಿನ ಟ್ರಾಮ್‌ಗೆ ಪಕ್ಕಕ್ಕೆ ಸರಿಯಲು ದಾರಿಯಿಲ್ಲ, ಅದರ ಹಿಂದಿನದಕ್ಕೂ ಇಲ್ಲ.

ಮಾಡುವ ಕ್ರಮ: ಹುಕ್ ಟರ್ನ್ ಫಲಕ ಕಂಡರೆ ಎಡ ಲೇನಿಗೆ ಬಂದು ಬಲ ಇಂಡಿಕೇಟರ್ ಹಾಕಿ. ಹಸಿರಿನಲ್ಲಿ ಮುಂದೆ ಹೋಗಿ, ಪಾದಚಾರಿ ಪಟ್ಟೆ ದಾಟಿ, ಕೂಡುರಸ್ತೆಯ ಒಳಗೆ ಎಡಬದಿಗೆ ಒತ್ತಿಕೊಂಡು ಆಚೆ ತುದಿಯ ಹತ್ತಿರ ನಿಲ್ಲಿ. ನೀವು ಸೇರಬೇಕಾದ ರಸ್ತೆಗೆ ಹಸಿರು ಬಿದ್ದಮೇಲೆ ಬಲಕ್ಕೆ ತಿರುಗಿ. ಸಾಮಾನ್ಯ ತಪ್ಪು ಎರಡು: ಹೆದರಿ ಪಾದಚಾರಿ ಪಟ್ಟೆಯ ಮೇಲೇ ನಿಲ್ಲೋದು, ನೇರ ಹೋಗುವ ವಾಹನ ಖಾಲಿಯಾಯ್ತು ಅಂತ ಹಸಿರಿಗೆ ಮೊದಲೇ ತಿರುಗಿಬಿಡೋದು. ಮುಂದೆ ಜಾಗ ಇಲ್ಲದಿದ್ದರೆ ಸ್ಟಾಪ್ ಲೈನ್ ಹಿಂದೆಯೇ ಇರಿ.

ಹಳೇನಕ್ಷೆ: ಇದರ ಬೇರು 1837ರಲ್ಲಿದೆ. ಸರ್ವೇಯರ್ ರಾಬರ್ಟ್ ಹಾಡಲ್ ಹಾಕಿದ ಚೌಕುಳಿ ನಕ್ಷೆಯಲ್ಲಿ ಕಾಲಿನ್ಸ್, ಬೋರ್ಕ್‌ನಂಥ ಮುಖ್ಯ ಬೀದಿಗಳು 99 ಅಡಿ ಅಗಲ; ಅವುಗಳ ಹಿಂದಿನ ಲಿಟಲ್ ಕಾಲಿನ್ಸ್, ಲಿಟಲ್ ಬೋರ್ಕ್ ಬರೀ 33 ಅಡಿ, ಹಿತ್ತಿಲ ಬಾಗಿಲಿಗೆ ಸರಕು ಸಾಗಿಸಲು. 1851ರಲ್ಲಿ ಚಿನ್ನ ಸಿಕ್ಕಿ ಊರು ಏಕಾಏಕಿ ಬೆಳೆಯಿತು. 1885ರಲ್ಲಿ ಕೇಬಲ್ ಟ್ರಾಮ್ ಬಂದಾಗ ಆ ಅಗಲ ಬೀದಿಗಳ ನಡುವೆ ಹಳಿಗೆ ಜಾಗ ಸಲೀಸಾಗಿ ಸಿಕ್ಕಿತು. ಸಿಡ್ನಿ 1961ರ ಹೊತ್ತಿಗೆ ತನ್ನ ಹಳೆಯ ಟ್ರಾಮ್‌ಗಳನ್ನು ಪೂರ್ತಿ ನಿಲ್ಲಿಸಿತು, ಮೆಲ್ಬರ್ನ್ ಉಳಿಸಿಕೊಂಡಿತು. ಅಂದಹಾಗೆ, ಇವತ್ತು ಕಾಫಿಗೂ ಗೋಡೆಚಿತ್ರಕ್ಕೂ ಹೆಸರಾದ ಓಣಿಗಳಲ್ಲಿ ಹಿಂದೆ ಓಡಾಡುತ್ತಿದ್ದದ್ದು ಮಲದ ಗಾಡಿ! ಒಳಚರಂಡಿಗೆ ಮನೆಗಳನ್ನು ಜೋಡಿಸಲು ಶುರುಮಾಡಿದ್ದು 1897ರಲ್ಲಿ.

ಹಳಿಮನೆ: ಇನ್ನೊಂದು ಮಾತು, ಹುಕ್ ಟರ್ನ್‌ಗಿಂತ ಅಪಾಯದ್ದು. ಪ್ಲಾಟ್‌ಫಾರ್ಮ್ ಇಲ್ಲದ ನಿಲ್ದಾಣದಲ್ಲಿ ಟ್ರಾಮ್ ನಿಂತು ಬಾಗಿಲು ತೆರೆದರೆ, ಪಕ್ಕದ ಕಾರು ಟ್ರಾಮ್‌ನ ಹಿಂಬದಿ ದಾಟದೆ ನಿಲ್ಲಲೇಬೇಕು. ಜನ ನೇರ ರಸ್ತೆಗೇ ಇಳಿಯುತ್ತಾರೆ.

ದಾರಿಹೋಕ: ಹಾಗಾದರೆ ಕಾರೇ ಬೇಡ! ನಡುಭಾಗದಲ್ಲಿ ಟ್ರಾಮ್ ಉಚಿತವಂತೆ, ಟಿಕೆಟ್ ಬದಲು ಬಳಸುವ ಮೈಕಿ ಕಾರ್ಡನ್ನು ಯಂತ್ರಕ್ಕೆ ತಾಗಿಸಬೇಕಾ?

ಹಳೇನಕ್ಷೆ: 2015ರಿಂದ ಉಚಿತ. ಹತ್ತೋದೂ ಇಳಿಯೋದೂ ಆ ವಲಯದೊಳಗೇ ಆದರೆ ತಾಗಿಸಬೇಡಿ, ತಾಗಿಸಿದರೆ ದುಡ್ಡು ಕತ್ತರಿಸುತ್ತೆ. ವಲಯ ದಾಟುವುದಾದರೆ ಮಾತ್ರ ತಾಗಿಸಲೇಬೇಕು.