ಅರವತ್ತು ತುಂಬಿದ ಕಂಪ್ಯೂಟರು

"ನಿನ್ನ ಕಂಪ್ಯೂಟರು ಕೆಟ್ಟಿದೆಯೇನೋ?" ಎಂದರು ಜಯಣ್ಣ.

"ಇಲ್ಲ."

"ನಿಧಾನವೇ?"

"ಅದೂ ಇಲ್ಲ. ವಿಂಡೋಸ್ 10ಕ್ಕೆ ಸಪೋರ್ಟ್ ಮುಗೀತು. 2025ರ ಅಕ್ಟೋಬರ್ 14ಕ್ಕೇ ಕೊನೇ ದಿನ," ಎಂದ ಗೋಪಿ, ಕೋಡುಬಳೆ ಮುರಿಯುತ್ತಾ.

"ಹಾಗೆ ಹೇಳು. ರಿಟೈರ್ಡ್."

ಜಯಣ್ಣ ಇನ್ನು ಈ ಎಳೆ ಬಿಡುವವರಲ್ಲ ಎಂದು ಜಗಲಿಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

"ನನ್ನ ಕೇಸೂ ಇದೇ ಅಲ್ವಾ? ಬಿಪಿ ಇಲ್ಲ, ಶುಗರ್ ಇಲ್ಲ, ಒಂದು ಫೈಲೂ ಬಾಕಿ ಇಲ್ಲ. ಅರವತ್ತು ತುಂಬಿತು ಅಂತ ಹಾರ ಹಾಕಿ ಕಳಿಸಿದರು. ಪಾಪ, ಇದಕ್ಕೆ ಹಾರವೂ ಇಲ್ಲ."

"ಎಕ್ಸ್‌ಟೆನ್ಷನ್ ಕೊಟ್ಟಿದ್ದಾರೆ ಜಯಣ್ಣ. 2026ರ ಅಕ್ಟೋಬರ್ 13ರ ತನಕ. ಬರೀ ಸೆಕ್ಯುರಿಟಿ ಅಪ್‌ಡೇಟ್ ಬರುತ್ತೆ, ಹೊಸದೇನೂ ಬರಲ್ಲ."

"ಸಂಬಳ ಇದೆ, ಇನ್‌ಕ್ರಿಮೆಂಟ್ ಇಲ್ಲ. ಸರಿ."

"ವಿಂಡೋಸ್ ಹನ್ನೊಂದಕ್ಕೆ ಹೋಗಬಾರದೇನೋ?" ಎಂದರು ಶಾರದಕ್ಕ, ಕಾಫಿ ತಂದಿಡುತ್ತಾ.

"ಬಿಡ್ತಿಲ್ಲ ಅಕ್ಕ. ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ಪು ಬೇಕಂತೆ. ಇಂಟೆಲ್ ಪ್ರೊಸೆಸರ್ ಆದ್ರೆ ಎಂಟನೇ ಜನರೇಷನ್ ಆಗಿರಬೇಕು. ನಂದು ಆರನೇದು."

"ಡಿಪಾರ್ಟ್‌ಮೆಂಟ್ ಪರೀಕ್ಷೆ ಪಾಸಾಗಿಲ್ಲ, ಪ್ರಮೋಷನ್ ಇಲ್ಲ," ಎಂದರು ಜಯಣ್ಣ.

ಕಿರಣ ಮೊಬೈಲಿನಿಂದ ತಲೆ ಎತ್ತಿದ. ತಲೆನೋವಿಗೂ ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರ್ ತಗೊಳ್ಳಿ ಅನ್ನುವ ಹುಡುಗ ಅವನು.

"ಅಂಕಲ್, ಮ್ಯಾಕ್ ಮಿನಿ ತಗೊಳ್ಳಿ. ಎಂ4 ಚಿಪ್ಪಿನದು ಬಂದಾಗ 59,900 ರೂಪಾಯಿ ಇತ್ತು, ಅಷ್ಟೇ."

"ಅಷ್ಟೇ! ಅದರ ಜೊತೆ ಪರದೆ?"

"ಬರಲ್ಲ."

"ಕೀಬೋರ್ಡು?"

"ಬರಲ್ಲ."

"ಮೌಸು?"

"ನಿಮ್ಮ ಹಳೇದೇ ಹಾಕ್ಕೋಬಹುದು."

"ಅಂದ್ರೆ ಹೊಸ ಸಾಹೇಬರು ಒಬ್ಬರೇ ಬರ್ತಾರೆ. ಮೇಜು, ಕುರ್ಚಿ, ಜವಾನ ಎಲ್ಲ ನಾವೇ ಒದಗಿಸಬೇಕು."

ಗೋಪಿಯ ಚಿಂತೆ ಬೇರೆ. ಅಮ್ಮ ಹೇಳಿಕೊಟ್ಟ ಹಸೆಹಾಡುಗಳನ್ನೆಲ್ಲ ಆ ಕಾಲದಲ್ಲಿ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದಾನೆ. ಕಿರಣನ ಮ್ಯಾಕ್‌ನಲ್ಲಿ ತೆರೆದು ನೋಡಿದರೆ ಹಾಡೇ ಇಲ್ಲ. ಬರೀ ಇಂಗ್ಲಿಷ್ ಅಕ್ಷರಗಳು, ಅರ್ಧಕ್ಕರ್ಧ ಅಕ್ಷರಗಳ ತಲೆ ಮೇಲೆ ಟೋಪಿ, ಚುಕ್ಕಿ.

"ನಿನ್ನ ಸಾಹೇಬರಿಗೆ ಕನ್ನಡ ಬರಲ್ಲವೇನೋ?"

"ಚೆನ್ನಾಗೇ ಬರುತ್ತೆ ಅಂಕಲ್. ಇದು ಹಳೇ ಫಾಂಟು, ಎಲ್ಲ ಕಂಪ್ಯೂಟರಿಗೂ ಅರ್ಥವಾಗೋ ಯೂನಿಕೋಡ್‌ಗೆ ಬದಲಾಯಿಸ್ಕೋಬೇಕು."

"ಓದು ಬರುತ್ತೆ, ಹಳೇ ಗುಮಾಸ್ತರ ಕೈಬರಹ ಗೊತ್ತಾಗಲ್ಲ ಅನ್ನು."

ಶಾರದಕ್ಕ ಸೆರಗಿನ ತುದಿಗೆ ಕಟ್ಟಿದ್ದ ಗಂಟು ಬಿಚ್ಚಿ ಒಂದು ಪೆನ್‌ಡ್ರೈವ್ ತೆಗೆದರು. "ನಮ್ಮನೇಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಕಣೋ. ದುಡ್ಡಿಲ್ಲ, ಕಾಸಿಲ್ಲ. ಇದರಿಂದಲೇ ಓಡಿಸಿ ನೋಡು. ಹಿಡಿಸಿದ್ರೆ ಆಮೇಲೆ ಒಳಗೆ ಹಾಕ್ಕೋ. ಡೆಸ್ಕ್‌ಟಾಪ್ ಹೆಸರು ಸಿನಮನ್."

"ಪುದೀನ ಆಯ್ತು, ಚಕ್ಕೆ ಆಯ್ತು," ಎಂದರು ಜಯಣ್ಣ. "ಎರಡು ಲವಂಗ ಹಾಕಿದ್ರೆ ಪಲಾವು."

ಎಲ್ಲರೂ ನಕ್ಕರು. ಜಯಣ್ಣ ಮಾತ್ರ ಕಾಫಿ ಲೋಟ ತಿರುಗಿಸುತ್ತಾ ಕೂತಿದ್ದರು.

"ರಿಟೈರ್ ಆದ ಮಾರನೇ ದಿನ ಸ್ನಾನ ಮಾಡಿ, ಷರಟು ಹಾಕ್ಕೊಂಡು, ಜೇಬಿಗೆ ಪೆನ್ನು ಸಿಕ್ಕಿಸ್ಕೊಂಡು ಗೇಟಿನ ಹತ್ತಿರ ನಿಂತಿದ್ದೆ ಕಣೋ. ಒಂಬತ್ತೂ ಮುಕ್ಕಾಲಕ್ಕೆ ಬಸ್ಸು ಬಂತು. ಡ್ರೈವರು ಎಂದಿನ ಹಾಗೆ ನಿಲ್ಲಿಸಿದ. ನಾನು ಹೋಗು ಅಂತ ಕೈ ಆಡಿಸಿದೆ. ಅವನು ಒಂದು ನಿಮಿಷ ಕಾದೇ ಹೋದ."

ಯಾರೂ ಮಾತಾಡಲಿಲ್ಲ. ಜೇಬಿನಲ್ಲಿ ಪೆನ್ನು ಈಗಲೂ ಇತ್ತು.

"ಹಾಕಿ ನೋಡಲಾ ಜಯಣ್ಣ?" ಎಂದ ಗೋಪಿ, ಪೆನ್‌ಡ್ರೈವ್ ಹಿಡಿದು.

"ಹಾಕು, ಹಾಕು. ಮೊದಲು ಆ ಧೂಳು ಒರೆಸು. ಹೊಸ ಆಫೀಸಿಗೆ ಹೋಗೋದು, ಹೀಗೇ ಕಳಿಸ್ತೀಯಾ?"